ಪದ ಪರಿಚಯ: ಕಣ್ಗಾವಲು

ಕಣ್ಣು, ಕಾವಲು. ಎರಡೂ ಸೇರಿ ಕಣ್ಗಾವಲು. ಗದ್ದೆಗೆ ಹಂದಿ ನುಗ್ಗದಂತೆ ರಾತ್ರಿಯಿಡೀ ಮಾಳದಲ್ಲಿ ಕೂತು ಕಾಯುತ್ತಾರಲ್ಲ, ಅಂಥದ್ದೇ ಕಾವಲು. ಆರೋಗ್ಯ ಇಲಾಖೆಯವರ ಬಾಯಲ್ಲಿ ಈ ಪದಕ್ಕೆ ಮೂರು ಕೆಲಸ. ಕಾಯಿಲೆ ಎಲ್ಲಿದೆ, ಯಾವ ಕಡೆ ಹೊರಟಿದೆ ಎಂದು ಬಿಡದೆ ನೋಡಬೇಕು. ಕಂಡದ್ದನ್ನು ಬರೆದಿಡಬೇಕು. ಬರೆದದ್ದನ್ನು ಹಿಡಿದು ಕೂಡಲೇ ಕೆಲಸಕ್ಕೆ ಇಳಿಯಬೇಕು. ಮೂರನೆಯದು ಆಗದಿದ್ದರೆ ಅದು ಸುಮ್ನೆ ಲೆಕ್ಕ ಬರೆಯುವುದು, ಕಾವಲಲ್ಲ.

ಎಷ್ಟೋ ಕಾಯಿಲೆಗಳಿಗೆ ಜ್ವರ ಬಂದವರನ್ನು ಎಣಿಸುತ್ತಾ ಹೋದರೆ ಕಾಯಿಲೆಯ ದಾರಿ ತಿಳಿಯುತ್ತದೆ. ಮಲೆನಾಡಿನ ಮಂಗನ ಕಾಯಿಲೆಗೆ, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ ಅಥವಾ ಕೆಎಫ್‌ಡಿಗೆ, ಅಷ್ಟು ಸಾಲದು. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಉಣುಗು, ಅಂದರೆ ಉಣ್ಣಿ, ಕಚ್ಚಿ ಬರುತ್ತದೆ. ವೈರಸ್ ತಿರುಗುವುದು ಕಾಡಿನೊಳಗೆ, ಉಣುಗು, ಇಲಿ, ಹೆಗ್ಗಣ, ಮಂಗಗಳ ನಡುವೆ. ನಾವು ಅದಕ್ಕೆ ಕೊನೆಯ ನಿಲ್ದಾಣ. ಒಬ್ಬ ರೋಗಿ ಆಸ್ಪತ್ರೆಗೆ ಬಂದರು ಎಂದರೆ ಅವರು ಹೋದ ಕಾಡಿನಲ್ಲಿ ವೈರಸ್ ಅದಕ್ಕೂ ಮೊದಲೇ ಬಂದು ಕೂತಿದೆ ಎಂದೇ ಅರ್ಥ.

ಹಾಗಾಗಿ ಇಲ್ಲಿ ಕಣ್ಣಿಡಬೇಕಾದದ್ದು ಮೊದಲು ಮಂಗಗಳ ಮೇಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆ ಗೊತ್ತಾದದ್ದೇ ಮಂಗಗಳು ಸತ್ತು ಬೀಳತೊಡಗಿದ್ದರಿಂದ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸನ್ನು ಗುರುತಿಸಿದರು. ಕಪ್ಪು ಮುಖದ ಮುಸುವ, ಕೆಂಪು ಮುಖದ ಮಂಗ, ಎರಡೂ ಇದಕ್ಕೆ ಬೇಗ ಬಲಿಯಾಗುತ್ತವೆ. ಕಾಯಿಲೆ ಬಿದ್ದ ಮಂಗದ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ಆ ರಕ್ತ ಕುಡಿದ ಮರಿ ಉಣುಗುಗಳಿಗೂ ಅದು ಸೇರುತ್ತದೆ. ಮಂಗ ಸತ್ತು ಮೈ ತಣ್ಣಗಾದ ಮೇಲೆ ಅವು ಕೆಳಗಿಳಿದು ತರಗೆಲೆಯಲ್ಲಿ ಹರಡಿಕೊಳ್ಳುತ್ತವೆ. ಅದಕ್ಕೇ ಮಂಗ ಸತ್ತ ಜಾಗವನ್ನು ಹಾಟ್‌ಸ್ಪಾಟ್ ಎನ್ನುವುದು. ಸುತ್ತ ಕೀಟನಾಶಕದ ಪುಡಿ ಹಾಕುತ್ತಾರೆ, ಜನ ಆ ಕಡೆ ಹೋಗದಂತೆ ಹೇಳುತ್ತಾರೆ.

ಈ ಕಾವಲಿನ ಮೊದಲ ಕಣ್ಣು ಊರಿನವರದ್ದೇ. ಸೊಪ್ಪಿಗೆ ಹೋದವರು, ದನ ಹುಡುಕಲು ಹೋದವರು ಸತ್ತ ಮಂಗ ಕಂಡು ಪಂಚಾಯಿತಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡಿದರೆ ಮಾತ್ರ ಉಳಿದದ್ದೆಲ್ಲ ಶುರುವಾಗುವುದು. ಅದನ್ನು ಮುಟ್ಟಬಾರದು, ಎಳೆದು ಹೂಳಲೂ ಬಾರದು. ಪಶುವೈದ್ಯರು ರಕ್ಷಣೆಯ ಉಡುಪು ಹಾಕಿಕೊಂಡು ಮಾದರಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ಆಮೇಲೆ ಸುಡುತ್ತಾರೆ. ತಡವಾಗಿ ದೇಹ ಕೊಳೆತುಹೋದರೆ ಪರೀಕ್ಷೆಗೆ ಏನೂ ಸಿಗುವುದಿಲ್ಲ. ಒಂದು ಫೋನ್ ಎರಡು ದಿನ ತಡವಾದರೆ ಎಷ್ಟು ನಷ್ಟ ಅಲ್ವಾ?

ಆದರೆ ಮಂಗ ಸಾಯಲಿಲ್ಲ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎನ್ನುವಂತಿಲ್ಲ. ದಟ್ಟ ಕಾಡಿನಲ್ಲಿ ಸತ್ತದ್ದು ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಅದಕ್ಕೆ ಉಣುಗನ್ನೇ ಹಿಡಿದು ನೋಡುತ್ತಾರೆ. ಹಿಡಿಯುವ ರೀತಿ ಎಷ್ಟು ಸರಳ ನೋಡಿ. ಟವೆಲ್ಲಿನಷ್ಟು ಬಿಳಿ ಫ್ಲಾನೆಲ್ ಬಟ್ಟೆಗೆ ಒಂದು ಕೋಲು ಕಟ್ಟಿ, ತರಗೆಲೆಯ ಮೇಲೆ, ಗಿಡದ ಬುಡದಲ್ಲಿ ಮೆಲ್ಲಗೆ ಎಳೆಯುತ್ತಾ ಹೋಗುತ್ತಾರೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಬಟ್ಟೆ ಮಗುಚುತ್ತಾರೆ. ಬಿಳಿಯ ಮೇಲೆ ಎಳ್ಳಿಗಿಂತ ಚಿಕ್ಕದಾದ ಕಂದು ಚುಕ್ಕಿ. ಧೂಳು ಅನ್ನಿಸುತ್ತದೆ. ಆಮೇಲೆ ಅದು ನಡೆಯತೊಡಗುತ್ತದೆ. ಮೈಮೇಲೆ ಹತ್ತಿ ಕಚ್ಚಿದರೂ ಎಷ್ಟೋ ಜನಕ್ಕೆ ಗೊತ್ತಾಗದಿರುವುದು ಯಾಕೆ ಎಂದು ಆ ಬಟ್ಟೆ ನೋಡಿದರೆ ತಿಳಿಯುತ್ತದೆ. ಚಿಮಟದಲ್ಲಿ ಹೆಕ್ಕಿ ಸೀಸೆಗೆ ಹಾಕಿ, ಜಾತಿವಾರು ವಿಂಗಡಿಸಿ ವೈರಸ್ ಇದೆಯೇ ಎಂದು ಪರೀಕ್ಷಿಸುತ್ತಾರೆ. ಇಲ್ಲಿ ಮುಖ್ಯ ಅಪರಾಧಿ ಹೆಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ. ಮಳೆಗಾಲ ಮುಗಿದ ಮೇಲೆ ಇದರ ಎಳೆಯವು ಕಾಡಲ್ಲಿ ಜಾಸ್ತಿ. ಡಿಸೆಂಬರಿನಿಂದ ಮೇವರೆಗೆ ರೋಗಿಗಳು ಹೆಚ್ಚುವುದೂ ಅದಕ್ಕೇ. ಕೊಟ್ಟಿಗೆಗೆ, ತೋಟಕ್ಕೆ ಜನ ತರಗು ಗುಡಿಸುವುದೂ ಅದೇ ತಿಂಗಳುಗಳಲ್ಲಿ.

ಹೀಗೆ ಸಿಕ್ಕಿದ್ದನ್ನೆಲ್ಲ ನಕ್ಷೆಯ ಮೇಲೆ ಇಟ್ಟರೆ ಕಾಯಿಲೆಯ ದಾರಿ ಕಾಣುತ್ತದೆ. ದಶಕಗಳ ಕಾಲ ಇದು ಶಿವಮೊಗ್ಗ ಮತ್ತು ಅಕ್ಕಪಕ್ಕದ ಜಿಲ್ಲೆಗಳ ಕಾಯಿಲೆಯಾಗಿತ್ತು. 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿತು. ಸತ್ತ ಮಂಗಗಳನ್ನು ಸುಡುವ ಕೆಲಸ ಮಾಡಿದ್ದವರಿಗೆ ಅಲ್ಲಿ ಜ್ವರ ಬಂತು. ಮುಂದೆ ಕೇರಳದ ವಯನಾಡು, ತಮಿಳುನಾಡಿನ ನೀಲಗಿರಿ, 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಪಶ್ಚಿಮ ಘಟ್ಟದ ಉದ್ದಕ್ಕೂ ಚುಕ್ಕಿಗಳು. ಇದೆಲ್ಲ ಹೊಸದಾಗಿ ಹರಡಿದ್ದೇ, ಇಲ್ಲಾ ಮೊದಲೇ ಇದ್ದದ್ದು ಹುಡುಕಿದಾಗ ಸಿಕ್ಕಿತೇ? ಈ ಪ್ರಶ್ನೆಯನ್ನು ಬಿಡಬಾರದು. ಯಾರೂ ಪರೀಕ್ಷೆ ಮಾಡದ ಊರು ನಕ್ಷೆಯಲ್ಲಿ ಖಾಲಿಯಾಗಿ ಕಾಣುತ್ತದೆ. ಕಾಯಿಲೆ ಇಲ್ಲದ ಊರೂ ಹಾಗೇ ಕಾಣುತ್ತದೆ. ಎರಡೂ ಒಂದೇ ಅಲ್ಲ.

ಹಳೆಯ ಲಸಿಕೆ ಪರಿಣಾಮಕಾರಿಯಲ್ಲ ಎಂದು ಅದನ್ನು ಕೊಡುವುದು ನಿಂತಿದೆ. ಈ ವೈರಸ್ಸಿಗೇ ಎಂದು ಬೇರೆ ಔಷಧಿಯೂ ಇಲ್ಲ. ಹಾಗಾಗಿ ಚುಕ್ಕಿ ಸರಿಯಾದ ಜಾಗದಲ್ಲಿ ಬೀಳುವುದು ತುಂಬಾ ಮುಖ್ಯ. ರೋಗಿಯ ಮನೆ ವಿಳಾಸದ ಮೇಲೆ ಚುಕ್ಕಿ ಇಟ್ಟರೆ ಪೇಟೆಯ ಆಸುಪಾಸಿನ ಯಾವುದೋ ಮನೆಯನ್ನು ಕಾಯುತ್ತಾ ಕೂರಬೇಕಾಗುತ್ತದೆ. ಉಣುಗು ಕಚ್ಚಿ ಜ್ವರ ಬರಲು ಸಾಮಾನ್ಯವಾಗಿ ಮೂರರಿಂದ ಎಂಟು ದಿನ ಬೇಕು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ. "ಹೋದ ವಾರ ಎಲ್ಲಿಗೆ ಹೋಗಿದ್ರಿ ಅಮ್ಮಾ? ತರಗು ಎಲ್ಲಿಂದ ತಂದ್ರಿ? ದನ ಯಾವ ಕಡೆ ಮೇಯುತ್ತೆ?" ದನಕ್ಕೆ ಈ ಕಾಯಿಲೆ ಬಾಧಿಸುವುದಿಲ್ಲ, ಆದರೆ ಅದರ ಮೈಗೆ ಹತ್ತಿದ ಉಣುಗು ಕೊಟ್ಟಿಗೆವರೆಗೂ ಬರುತ್ತದೆ. ಉತ್ತರ ಸಿಕ್ಕ ಮೇಲೆ ಚುಕ್ಕಿ ಮನೆಯಿಂದ ಎದ್ದು ಹಿಂದಿನ ಸೊಪ್ಪಿನಬೆಟ್ಟಕ್ಕೆ ಹೋಗುತ್ತದೆ. ಮರುದಿನ ಫ್ಲಾನೆಲ್ ಬಟ್ಟೆ ಎಳೆಯುವುದು ಅಲ್ಲಿ.