ಹಬ್ಬ ಬಂದಾಗ ಬರೆದರೆ ತಡ, ಮೊದಲೇ ಬರೆಯೋಣ ಅಂದ್ರೆ ಮೂಡ್ ಇಲ್ಲ. ಏನು ಮಾಡಲಿ?

ಓದುಗರ ಪ್ರಶ್ನೆ: ನಾನು ಫ್ರೀಲ್ಯಾನ್ಸ್ ಆಗಿ ಪತ್ರಿಕೆ, ವೆಬ್‌ಸೈಟ್‌ಗಳಿಗೆ ಬರೆಯುತ್ತೇನೆ. ಯುಗಾದಿ ಬಂದರೆ ಬೇವು-ಬೆಲ್ಲ, ಸಂಕ್ರಾಂತಿ ಬಂದರೆ ಎಳ್ಳು-ಬೆಲ್ಲ, ಪ್ರತಿ ವರ್ಷ ಅದೇ. ಹಬ್ಬದ ಹೊತ್ತಿಗೆ ಕಳಿಸಿದರೆ 'ತಡವಾಯ್ತು' ಅಂತಾರೆ. ಮೊದಲೇ ಕೂತರೆ ಏನೂ ಹೊಳೆಯುವುದಿಲ್ಲ. ಕಾಲಕ್ಕೆ ತಕ್ಕ ಬರಹಕ್ಕೆ ಹೇಗೆ ತಯಾರಾಗಬೇಕು? ಏನು ಓದಬೇಕು?

ಉತ್ತರ: ಡಿಸೆಂಬರ್ ಚಳಿಯಲ್ಲಿ ಕೂತು ಬೇವಿನ ಹೂವಿನ ವಾಸನೆ ನೆನಪಿಸಿಕೋ ಅಂದರೆ ಯಾರಿಗೆ ತಾನೇ ಆಗುತ್ತದೆ? ಅದಕ್ಕೇ ಕೆಲಸವನ್ನು ಎರಡು ಪಾಲು ಮಾಡಿಕೊಳ್ಳಿ. ಕಾಲ ಕಣ್ಣೆದುರಿಗೆ ಇರುವಾಗ ಬರೀ ಟಿಪ್ಪಣಿ. ಲೇಖನ ಬರೆಯುವುದು ಮುಂದಿನ ವರ್ಷ, ಆ ಕಾಲ ಬರಲು ಇನ್ನೂ ಎರಡು-ಮೂರು ತಿಂಗಳು ಇರುವಾಗ. ಈ ಸಲದ ಹಬ್ಬ ಮುಂದಿನ ಸಲದ ಲೇಖನಕ್ಕೆ ಅಂದುಕೊಳ್ಳಿ. ಆಗ ಮೂಡ್‌ಗೆ ಕಾಯುವ ಕೆಲಸವೇ ಇರುವುದಿಲ್ಲ.

ಟಿಪ್ಪಣಿ ಅಂದರೆ 'ಮಳೆ ಚೆನ್ನಾಗಿತ್ತು' ಅಂತಲ್ಲ. ತಾರೀಕು ಹಾಕಿ. ಮಾರುಕಟ್ಟೆಗೆ ಹೊಸದಾಗಿ ಏನು ಬಂತು, ಎಷ್ಟಕ್ಕೆ ಮಾರುತ್ತಿದ್ದರು, ಮಾರುವವರು ಏನೆಂದು ಗೊಣಗಿದರು, ಬೀದಿಯ ಯಾವ ಮರ ಹೂ ಬಿಟ್ಟಿತು, ಇಂಥದ್ದು ಬರೆದಿಡಿ. ಸೋಮಾರಿತನ ಅನಿಸಿದರೆ ಒಂದು ಫೋಟೋ ತೆಗೆದು ಎರಡು ಸಾಲು ಸೇರಿಸಿದರೂ ಸಾಕು. ಫೋನು ತಾರೀಕು ಮರೆಯುವುದಿಲ್ಲ, ನಾವು ಮರೆಯುತ್ತೇವೆ.

ಇನ್ನು ಅದೇ ಬೇವು-ಬೆಲ್ಲದಿಂದ ತಪ್ಪಿಸಿಕೊಳ್ಳುವುದು ಹೇಗೆ? ನನ್ನ ಮಟ್ಟಿಗೆ ಒಳ್ಳೆಯ ದಾರಿ ಹಬ್ಬದ ಪಟ್ಟಿಯನ್ನು ಪಕ್ಕಕ್ಕಿಟ್ಟು ಪಂಚಾಂಗದಲ್ಲಿ ಮಳೆ ನಕ್ಷತ್ರಗಳನ್ನು ಓದುವುದು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ. ಆ ದಿನಗಳಲ್ಲಿ ಬರುವ ಮಳೆಗೆ ಆ ನಕ್ಷತ್ರದ್ದೇ ಹೆಸರು. ಭರಣಿ ಏಪ್ರಿಲ್ ಕೊನೆಗೆ, ರೋಹಿಣಿ ಮೇ 25ರ ಸುಮಾರಿಗೆ, ಆರಿದ್ರಾ ಜೂನ್ 22ರ ಆಸುಪಾಸು. ಒಂದೊಂದಕ್ಕೂ ಗಾದೆ ಇದೆ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ', 'ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ'. ಜೋಳದ ಮಾತು ಬಂತೆಂದರೆ ಅದು ಯಾವ ಸೀಮೆಯ ಗಾದೆ ಅಂತ ಊಹಿಸಬಹುದು, ಅಲ್ವಾ? ನಿಮ್ಮ ಊರಿನಲ್ಲಿ ಅದೇ ಮಳೆಗೆ ಏನಂತಾರೆ, ಈಗಲೂ ಆ ಲೆಕ್ಕದಲ್ಲಿ ಬಿತ್ತುವವರು ಇದ್ದಾರಾ ಅಂತ ವಿಚಾರಿಸಿ. ಅಲ್ಲೇ ಒಂದು ಲೇಖನ ಸಿಗುತ್ತದೆ.

ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ನಮ್ಮ ಹೆಚ್ಚಿನ ಹಬ್ಬಗಳು ಚಂದ್ರನ ಲೆಕ್ಕದವು, ತಾರೀಕು ಓಡಾಡುತ್ತಿರುತ್ತದೆ. 2025ರ ದೀಪಾವಳಿ ಅಕ್ಟೋಬರ್ 20ರ ಆಚೀಚೆ. 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಇರುವುದರಿಂದ ಅದು ನವೆಂಬರ್ 8ರ ಹೊತ್ತಿಗೆ ಹೋಗುತ್ತದೆ. ಮಳೆ ನಕ್ಷತ್ರ ಸೂರ್ಯನ ಲೆಕ್ಕದ್ದು, ಒಂದು ದಿನ ಹಿಂದೆ ಮುಂದೆ ಆದರೆ ಹೆಚ್ಚು. ಕ್ಯಾಲೆಂಡರಿನಲ್ಲಿ ಒಮ್ಮೆ ಗುರುತು ಹಾಕಿಕೊಂಡರೆ ವರ್ಷ ವರ್ಷವೂ ನಡೆಯುತ್ತದೆ.

ಕೊಡಗಿನ ಕಕ್ಕಡ 18, ಅಂದರೆ ಅಲ್ಲಿನ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಕೂಡ ಹೀಗೆ ಸೌರಮಾನದ್ದು, ಸಾಮಾನ್ಯವಾಗಿ ಆಗಸ್ಟ್ 3. ಮಳೆ ಬಿಡದೆ ಸುರಿಯುವ ಸಮಯ. ಅವತ್ತು ಮದ್ದು ಸೊಪ್ಪಿಗೆ ಹದಿನೆಂಟು ಬಗೆಯ ಔಷಧಿ ಗುಣ ಕೂಡಿರುತ್ತದೆ ಎಂಬ ನಂಬಿಕೆ. ಸೊಪ್ಪನ್ನು ಕುದಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ ಮಾಡುತ್ತಾರೆ. ತಿಂದ ಮೇಲೆ ಮೂತ್ರ ಕೆಂಪಗಾಗುತ್ತದೆ, ಗೊತ್ತಿಲ್ಲದ ನೆಂಟರು ಗಾಬರಿ ಬೀಳುವುದು ಇದಕ್ಕೇ. 'ಮಳೆಗಾಲದ ವಿಶಿಷ್ಟ ಖಾದ್ಯಗಳು' ಅಂತ ಹತ್ತು ತಿನಿಸಿನ ಪಟ್ಟಿ ಕೊಡುವುದಕ್ಕಿಂತ ಈ ಒಂದು ಪಾತ್ರೆಯ ಮುಂದೆ ನಿಂತು ಬರೆದದ್ದು ಜಾಸ್ತಿ ಓದಿಸಿಕೊಳ್ಳುತ್ತದೆ. ಕಾಫಿ ತೋಟದ ಹೂಮಳೆಗೂ ಇದೇ ಮಾತು. ಫೆಬ್ರವರಿ-ಮಾರ್ಚ್‌ನಲ್ಲಿ ಒಂದು ಹದವಾದ ಮಳೆ ಬಿದ್ದರೆ ವಾರ-ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಓಡಿಸಬೇಕು, ಡೀಸೆಲ್ ಖರ್ಚು. ಹೂವಿನ ಚಂದದ ಜೊತೆ ಆ ಖರ್ಚೂ ನಿಮ್ಮ ಬರಹಕ್ಕೆ ಬರಲಿ.

ಓದಿನ ವಿಷಯಕ್ಕೆ ಬರೋಣ. ಯುಗಾದಿ ಲೇಖನವನ್ನು ಬೇಂದ್ರೆಯವರ ಹಾಡಿನಿಂದ ಶುರು ಮಾಡಬೇಡಿ. ಹಾಡು ದೊಡ್ಡದೇ, ಆದರೆ ಆ ವಾರ ಎಲ್ಲರೂ ಅದನ್ನೇ ಎತ್ತಿಕೊಂಡಿರುತ್ತಾರೆ. ಪಂಪನ ಬನವಾಸಿ ಪದ್ಯವನ್ನು ಮತ್ತೊಮ್ಮೆ ನಿಧಾನವಾಗಿ ಓದಿ. ಹತ್ತನೆಯ ಶತಮಾನದ ಆ ಕವಿಗೆ ಊರು ನೆನಪಾಗುವುದು ಸುಮ್ನೆ ಅಲ್ಲ. ತೆಂಕಣ ಗಾಳಿ ಮೈಗೆ ಸೋಕಬೇಕು, ಬಿರಿದ ಮಲ್ಲಿಗೆ ಕಾಣಬೇಕು, ಇಂಪಾದ ಹಾಡು ಕಿವಿಗೆ ಬೀಳಬೇಕು. 'ವಸಂತ ಬಂತು' ಅಂದು ಮುಗಿಸಿದ್ದರೆ ಆ ಪದ್ಯ ನಮಗೆ ಯಾಕೆ ಬೇಕಿತ್ತು? ಜೊತೆಗೆ ಪುತ್ತೂರಿನಿಂದ ಬರುವ 'ಅಡಿಕೆ ಪತ್ರಿಕೆ'ಯಂಥ ಕೃಷಿಕರ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ತಿರುವಿ ಹಾಕಿ. ಯಾವ ತಿಂಗಳಲ್ಲಿ ಊರಿಗೆ ಯಾವ ಚಿಂತೆ ಅಂತ ಅಲ್ಲಿ ಗೊತ್ತಾಗುತ್ತದೆ.

ಕಳಿಸುವ ಹೊತ್ತು. ವಿಶೇಷಾಂಕಗಳ ಕೆಲಸ ಹಬ್ಬಕ್ಕೆ ತಿಂಗಳುಗಳ ಮುಂಚೆಯೇ ಶುರುವಾಗುತ್ತದೆ. ದೀಪಾವಳಿ ಸಂಚಿಕೆಯ ಕಥೆ, ಕವನ ಸ್ಪರ್ಧೆಗಳ ಪ್ರಕಟಣೆ ನೋಡಿದರೆ ಅಂದಾಜು ಸಿಗುತ್ತದೆ. ಮಾಸಪತ್ರಿಕೆಗೆ ಎರಡು ತಿಂಗಳು, ವಾರಪತ್ರಿಕೆಗೆ ಒಂದೂವರೆ ತಿಂಗಳು ಇಟ್ಟುಕೊಳ್ಳಿ. ದಿನಪತ್ರಿಕೆ ಪುರವಣಿಗೆ, ವೆಬ್‌ಸೈಟಿಗೆ ಎರಡು-ಮೂರು ವಾರ ಸಾಕು. ಇಮೇಲ್‌ನಲ್ಲಿ ಬರೀ 'ಯುಗಾದಿ ಲೇಖನ' ಅಂತ ಹಾಕಿದರೆ ಅದು ಅಂಥದ್ದೇ ರಾಶಿಯಲ್ಲಿ ಕಳೆದುಹೋಗುತ್ತದೆ. ವಿಷಯ ಹೇಳಿ, ಯಾವ ತಾರೀಕಿನೊಳಗೆ ಬಂದರೆ ಚೆನ್ನ ಅನ್ನುವುದನ್ನೂ ಹೇಳಿ. ತೆಗೆದುಕೊಳ್ಳಲಿಲ್ಲವೆಂದರೆ ಅಳಿಸಬೇಡಿ. ಮಳೆ ನಕ್ಷತ್ರದ ಲೇಖನವಾದರೆ ಮುಂದಿನ ವರ್ಷ ತಾರೀಕನ್ನೂ ಬದಲಾಯಿಸಬೇಕಾಗಿಲ್ಲ, ಈ ಮಧ್ಯೆ ಕೂಡಿಸಿದ ಟಿಪ್ಪಣಿ ಸೇರಿಸಿ ಬೇರೆ ಕಡೆ ಕಳಿಸಿ.