ರೀಲ್ಸ್ ನೋಡಿದವರು ಉಪ್ಪಿನಕಾಯಿ ಕೊಳ್ಳಲಿಲ್ಲವೇಕೆ?

ಸಿದ್ದಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವ ಮಹಿಳೆಯೊಬ್ಬರು ಕೆಲವು ವರ್ಷಗಳ ಹಿಂದೆ ಸಲಹೆ ಕೇಳಿಕೊಂಡು ಬಂದಿದ್ದರು. ಅವರ ಮಗಳು ಚಿತ್ರೀಕರಿಸಿದ್ದ ಒಂದು ರೀಲ್ಸ್ ಇನ್‌ಸ್ಟಾಗ್ರಾಂನಲ್ಲಿ ಲಕ್ಷಕ್ಕೂ ಹೆಚ್ಚು ವೀಕ್ಷಣೆ ಪಡೆದಿತ್ತು. ತೊಟ್ಟು ಮುರಿದೊಡನೆ ಒಸರುವ ಸೊನೆ, ಉಪ್ಪಿನಲ್ಲಿ ಚಿರುಟಿದ ಮಿಡಿ, ಅರೆದು ಬೆರೆಸುತ್ತಿದ್ದ ಸಾಸಿವೆ ಖಾರ, ಎಲ್ಲವೂ ನೋಡಿದವರ ಬಾಯಲ್ಲಿ ನೀರೂರಿಸುವಂತಿದ್ದವು. ಆದರೆ ಆ ವಾರ ಮಾರಾಟವಾದ ಬಾಟಲಿಗಳು ಬೆರಳೆಣಿಕೆಯಷ್ಟು. ‘ಇಷ್ಟು ಜನ ನೋಡಿದ್ದಾರೆ, ಕೊಂಡವರು ಮಾತ್ರ ಇಲ್ಲ. ದಿನಕ್ಕೊಂದು ರೀಲ್ಸ್ ಹಾಕಬೇಕೇನು?’ ಎಂದು ಅವರು ಕೇಳಿದರು.

ರೀಲ್ಸ್‌ನಲ್ಲಿ ತಿದ್ದುವಂಥದ್ದೇನೂ ನನಗೆ ಕಾಣಲಿಲ್ಲ. ಅದರ ಕೆಳಗಿನ ಕಮೆಂಟ್‌ಗಳನ್ನು ಓದಿದೆ. ಹತ್ತಾರು ಜನ ಬೆಲೆ ಕೇಳಿದ್ದರು, ಎಲ್ಲರಿಗೂ ‘ಇನ್‌ಬಾಕ್ಸ್ ಮಾಡಿ’ ಎಂಬ ಒಂದೇ ಉತ್ತರ ಹೋಗಿತ್ತು. ಹಾಗೆ ಇನ್‌ಬಾಕ್ಸ್ ಮಾಡಿದವರ ಸಂದೇಶಗಳೋ ಓದದೆ ಹಾಗೆಯೇ ಉಳಿದಿದ್ದವು. ಇನ್‌ಸ್ಟಾಗ್ರಾಂ ಅಪರಿಚಿತರ ಸಂದೇಶಗಳನ್ನು ಮುಖ್ಯ ಪೆಟ್ಟಿಗೆಗೆ ಹಾಕದೆ ‘ರಿಕ್ವೆಸ್ಟ್’ ಎಂಬ ಬೇರೆ ಜಾಗದಲ್ಲಿ ಇಡುತ್ತದೆ ಎಂಬುದು ತಾಯಿಗೂ ಮಗಳಿಗೂ ತಿಳಿದಿರಲಿಲ್ಲ. ಆ ಜಾಗವನ್ನು ತೆರೆದಾಗ ಬೆಂಗಳೂರು, ಮೈಸೂರು, ಪುಣೆಯಿಂದ ಬಂದ ಸಂದೇಶಗಳ ಸಾಲೇ ಕಂಡಿತು. ಕೆಲವರು ಎರಡೆರಡು ಸಲ ಕೇಳಿ ಸುಮ್ಮನಾಗಿದ್ದರು. ಅಷ್ಟನ್ನೂ ಓದಿ ಮುಗಿಸಿದ ಆ ಮಹಿಳೆ ಬಹಳ ಹೊತ್ತು ಮಾತಾಡಲಿಲ್ಲ.

ಸಣ್ಣ ವ್ಯಾಪಾರಿಗಳ ಜೊತೆ ಕೂತು ನಾನು ಕಂಡುಕೊಂಡ ಮುಖ್ಯ ಸಂಗತಿ ಇದೇ. ಗ್ರಾಹಕ ಕಳೆದುಹೋಗುವುದು ಹೆಚ್ಚಾಗಿ ಪೋಸ್ಟ್ ನೋಡಿದ ಮೇಲೆ, ಹಣ ಕೊಡುವುದಕ್ಕೆ ಮೊದಲು, ಆ ನಡುವಿನ ಸಣ್ಣ ದಾರಿಯಲ್ಲಿ. ಅಂಗಡಿಗೆ ಬಂದವರು ಬೆಲೆ ಕೇಳಿದರೆ ಯಾವ ಅಂಗಡಿಯವರೂ ‘ಹಿತ್ತಲ ಬಾಗಿಲಿಗೆ ಬನ್ನಿ, ಅಲ್ಲಿ ಹೇಳುತ್ತೇನೆ’ ಎನ್ನುವುದಿಲ್ಲ. ಆದರೆ ಫೋನಿನಲ್ಲಿ ನಾವು ದಿನವೂ ಅದನ್ನೇ ಮಾಡುತ್ತಿದ್ದೇವೆ. ಬೆಲೆ ಹೇಳಿದರೆ ಪೈಪೋಟಿಯವರಿಗೆ ತಿಳಿದುಬಿಡುತ್ತದೆ ಎಂದು ಹಲವರು ಅಂಜುತ್ತಾರೆ. ಪೈಪೋಟಿಯವರಿಗೆ ಅದು ಈಗಾಗಲೇ ತಿಳಿದಿರುತ್ತದೆ, ತಿಳಿಯದೇ ಇರುವುದು ಕೊಳ್ಳಬೇಕಾದವರಿಗೆ ಮಾತ್ರ.

ಆದ್ದರಿಂದ ಮೊದಲ ಕೆಲಸವಾಗಿ ನಾವು ಹೊಸ ವಿಡಿಯೊ ಮಾಡಲಿಲ್ಲ. ಇನ್‌ಸ್ಟಾಗ್ರಾಂ ಪುಟದ ಮೇಲ್ಭಾಗದಲ್ಲಿ ಮೂರು ಪೋಸ್ಟ್‌ಗಳನ್ನು ಪಿನ್ ಮಾಡಿ ಇಡಲು ಅವಕಾಶವಿದೆ. ಒಂದರಲ್ಲಿ ತೂಕ ಮತ್ತು ಬೆಲೆ, ಇನ್ನೊಂದರಲ್ಲಿ ಆರ್ಡರ್ ಮಾಡುವ ಕ್ರಮ ಮತ್ತು ಅಂಚೆ ಖರ್ಚು, ಮೂರನೆಯದರಲ್ಲಿ ಉಪ್ಪಿನಕಾಯಿ ತಯಾರಾಗುವ ಬಗೆಯನ್ನು ಇಟ್ಟೆವು. ಅಂಚೆ ಖರ್ಚನ್ನು ಮೊದಲೇ ಹೇಳುವುದು ಬಹಳ ಮುಖ್ಯ, ಏಕೆಂದರೆ ಅರ್ಧ ಕಿಲೋ ಉಪ್ಪಿನಕಾಯಿಯ ಬೆಲೆಗೆ ಕೊನೆಯ ಗಳಿಗೆಯಲ್ಲಿ ಆ ಮೊತ್ತ ಸೇರಿದಾಗ ಗ್ರಾಹಕರಿಗೆ ಮೋಸ ಹೋದಂಥ ಭಾವನೆ ಬರುತ್ತದೆ. ಪುಟದ ಪರಿಚಯದ ಸಾಲಿನಲ್ಲಿ ವಾಟ್ಸ್ಆ್ಯಪ್‌ಗೆ ನೇರವಾಗಿ ಹೋಗುವ ಕೊಂಡಿಯನ್ನು ಕೊಟ್ಟೆವು. ‘ಅಪ್ಪೆಮಿಡಿ’ ಎಂಬ ಪದವನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೂ ಬರೆದೆವು. ಕನ್ನಡ ಓದಬಲ್ಲವರಲ್ಲೂ ಅನೇಕರು ಹುಡುಕುವಾಗ ಇಂಗ್ಲಿಷ್ ಕೀಲಿಮಣೆಯನ್ನೇ ಬಳಸುತ್ತಾರೆ ಎಂಬುದು ಇದಕ್ಕೆ ಕಾರಣ.

ನಂತರದ್ದು ವಾಟ್ಸ್ಆ್ಯಪ್ ಬಿಸಿನೆಸ್. 2018ರಲ್ಲಿ ಬಂದ ಈ ಉಚಿತ ಆ್ಯಪನ್ನು ಫೋನಿಗೆ ಹಾಕಿಕೊಂಡವರು ಬಹಳ ಜನ. ಆದರೆ ಸಾಮಾನ್ಯ ವಾಟ್ಸ್ಆ್ಯಪ್‌ನಂತೆಯೇ ಬಳಸಿ ಸುಮ್ಮನಿದ್ದಾರೆ. ಅದರಲ್ಲಿ ಕ್ಯಾಟಲಾಗ್ ಇದೆ, ಪ್ರತಿ ಸರಕಿನ ಚಿತ್ರ, ಬೆಲೆ, ವಿವರವನ್ನು ಅಲ್ಲಿ ಜೋಡಿಸಿಡಬಹುದು. ಪದೇ ಪದೇ ಬರುವ ಪ್ರಶ್ನೆಗಳಿಗೆ ಸಿದ್ಧ ಉತ್ತರಗಳನ್ನು ಬರೆದಿಟ್ಟುಕೊಳ್ಳಬಹುದು. ‘ಹೊಸ ಆರ್ಡರ್’, ‘ಹಣ ಬಾಕಿ’, ‘ಹಣ ಬಂದಿದೆ’ ಎಂಬಂಥ ಲೇಬಲ್‌ಗಳನ್ನು ಪ್ರತಿ ಸಂಭಾಷಣೆಗೂ ಅಂಟಿಸಿದರೆ ಯಾರಿಗೆ ಕಳಿಸಿದೆವು, ಯಾರಿಗೆ ಕಳಿಸಬೇಕು ಎಂಬ ಗೊಂದಲ ಇರುವುದಿಲ್ಲ. ಒಂದೇ ಖಾತೆಗೆ ಬೇರೆ ಸಾಧನಗಳನ್ನೂ ಜೋಡಿಸಲು ಬರುವುದರಿಂದ, ತಾಯಿ ಅಡುಗೆಮನೆಯಲ್ಲಿರುವಾಗ ಶಿರಸಿಯಲ್ಲಿ ಓದುತ್ತಿದ್ದ ಮಗಳು ಉತ್ತರಿಸುವ ವ್ಯವಸ್ಥೆಯಾಯಿತು. ಬೆಳಗ್ಗೆ ಒಂದು ಗಂಟೆ, ರಾತ್ರಿ ಒಂದು ಗಂಟೆ ಎಂದು ಸಮಯ ಗೊತ್ತುಮಾಡಿಕೊಂಡು, ಉಳಿದ ಹೊತ್ತಿನಲ್ಲಿ ತಾನಾಗಿಯೇ ಹೋಗುವ ಸಂದೇಶದಲ್ಲಿ ಆ ಸಮಯವನ್ನು ತಿಳಿಸಿದರು. ಜನ ಕಾಯಲು ಬೇಸರಿಸುವುದಿಲ್ಲ, ಎಷ್ಟು ಕಾಯಬೇಕೆಂದು ತಿಳಿಯದಿದ್ದರೆ ಬೇಸರಿಸುತ್ತಾರೆ.

ಏನನ್ನು ಹಾಕಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಪ್ರತಿ ವ್ಯಾಪಾರಕ್ಕೂ ಬೇರೆ. ಉಪ್ಪಿನಕಾಯಿಗೆ ಋತುವೇ ಕಥೆ. ಮರದಿಂದ ನೆಲಕ್ಕೆ ಬೀಳಿಸದೆ ತೊಟ್ಟಿನ ಸಮೇತ ಮಿಡಿ ಇಳಿಸುವುದು, ಕಿಲೋ ಲೆಕ್ಕದ ಬದಲು ಎಣಿಕೆಯ ಲೆಕ್ಕದಲ್ಲಿ ಅದು ಮಾರಾಟವಾಗುವುದು, ಒಂದು ಮರದ ಮಿಡಿಯ ಪರಿಮಳ ಇನ್ನೊಂದು ಮರಕ್ಕೆ ಇಲ್ಲದಿರುವುದು, ಇವೆಲ್ಲ ಮಲೆನಾಡಿನವರಿಗೆ ದಿನನಿತ್ಯದ ಸಂಗತಿ, ಉಳಿದವರಿಗೆ ಬೆರಗು. ಒಂದು ಪ್ರದೇಶದ ವಿಶಿಷ್ಟ ಸರಕಿಗೆ ಸಿಗುವ ಭೌಗೋಳಿಕ ಸೂಚ್ಯಂಕದ (ಜಿಐ) ಮಾನ್ಯತೆ ಅಪ್ಪೆಮಿಡಿಗೆ ಇದೆ ಎಂಬುದನ್ನು ಹೇಳಿಕೊಳ್ಳಲೂ ಸಂಕೋಚ ಬೇಡ. ಆದರೆ ಲೇಬಲ್ ಮೇಲಿನ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಲಿ. ಮನೆಯಲ್ಲಿ ಮಾಡಿದ ತಿನಿಸನ್ನು ಅಪರಿಚಿತರಿಂದ ತರಿಸಿಕೊಳ್ಳುವವರಿಗೆ ಅದು ಕೊಡುವ ಭರವಸೆ ದೊಡ್ಡದು. ಉಪ್ಪಿನಕಾಯಿ ತಿಂದರೆ ಇಂಥ ಕಾಯಿಲೆ ವಾಸಿಯಾಗುತ್ತದೆ ಎಂದು ಬರೆಯುವ ಚಾಳಿಯನ್ನಂತೂ ಪೂರ್ತಿಯಾಗಿ ಬಿಡಬೇಕು.

ಬಟ್ಟೆಯ ವ್ಯಾಪಾರದಲ್ಲಿ ಲೆಕ್ಕವೇ ಬೇರೆ. ಇಳಕಲ್ ಸೀರೆ ಮಾರುವವರೊಬ್ಬರಿಗೆ ಸೀರೆಗಳು ಮರಳಿ ಬರುವುದೇ ತಲೆನೋವಾಗಿತ್ತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ತೆಗೆದು, ಫಿಲ್ಟರ್ ಹಾಕಿದ ಚಿತ್ರದಲ್ಲಿ ಸೆರಗಿನ ಕೆಂಪು ಒಂದಾಗಿ, ಕೈಗೆ ಬಂದ ಸೀರೆಯ ಕೆಂಪು ಇನ್ನೊಂದಾಗಿ ಕಾಣುತ್ತಿತ್ತು. ಬೆಳಗಿನ ಹೊತ್ತು ನೆರಳಿನಲ್ಲಿ, ಫಿಲ್ಟರ್ ಇಲ್ಲದೆ ತೆಗೆಯಿರಿ ಎಂದೆ. ಜೊತೆಗೆ, ಒಡಲಿನ ಹಾಸು ಎಳೆಗಳನ್ನು ಸೆರಗಿನ ಹಾಸು ಎಳೆಗಳಿಗೆ ಕೊಂಡಿ ಹಾಕಿ ಸೇರಿಸುವ ಜಾಗವನ್ನು ಹತ್ತಿರದಿಂದ ತೋರಿಸಲು ಹೇಳಿದೆ, ಏಕೆಂದರೆ ಆ ಕೊಂಡಿಯೇ ಇಳಕಲ್ ನೇಯ್ಗೆಯ ಹೆಗ್ಗುರುತು. ನೇಕಾರರ ಕೈ ಒಂದೊಂದೇ ಎಳೆಯನ್ನು ಸೇರಿಸುವುದನ್ನು ಕಂಡವರು ಬೆಲೆಗಾಗಿ ಚೌಕಾಸಿ ಮಾಡುವುದು ಕಡಿಮೆಯಾಯಿತು ಎಂದು ಅವರು ಆಮೇಲೆ ಹೇಳಿದರು.

ಹಣ ಕೊಟ್ಟು ಪೋಸ್ಟ್ ಬೂಸ್ಟ್ ಮಾಡುವುದರ, ಅಂದರೆ ಅದನ್ನು ಇನ್ನಷ್ಟು ಜನರಿಗೆ ತೋರಿಸುವುದರ ಬಗ್ಗೆ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಉತ್ತರಿಸುವ ವ್ಯವಸ್ಥೆ ಸರಿಯಾಗುವ ತನಕ ಒಂದು ರೂಪಾಯಿಯನ್ನೂ ಹಾಕಬೇಡಿ, ಹಾಕುವಾಗ ನೀವು ಸರಕು ತಲುಪಿಸಬಲ್ಲ ಊರುಗಳನ್ನು ಮಾತ್ರ ಆರಿಸಿ.

ಮೋಸದ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಹಣ ಕಳಿಸಿದ್ದೇನೆ ಎಂದು ನಕಲಿ ಸ್ಕ್ರೀನ್‌ಶಾಟ್ ಕಳಿಸುವವರಿದ್ದಾರೆ. ಪಾರ್ಸೆಲ್ ಕಟ್ಟುವ ಮುನ್ನ ನಿಮ್ಮ ಬ್ಯಾಂಕ್ ಖಾತೆಯಲ್ಲಿ ಹಣ ಜಮೆಯಾದದ್ದನ್ನು ನೀವೇ ನೋಡಬೇಕು. ಮುಂಗಡ ಕಳಿಸುವುದಾಗಿ ಹೇಳಿ ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿಸುವವರೂ ಇದ್ದಾರೆ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವಾಗ, ಪಡೆಯುವಾಗ ಎಂದೂ ಅಲ್ಲ. ವಾಟ್ಸ್ಆ್ಯಪ್‌ನಲ್ಲಿ ಆರು ಅಂಕಿಗಳ ಪಿನ್ ಕೇಳುವ ಎರಡು ಹಂತದ ಪರಿಶೀಲನೆಯನ್ನು ಇಂದೇ ಹಾಕಿಕೊಳ್ಳಿ. ವ್ಯಾಪಾರದ ನಂಬರು ಬೇರೆಯವರ ಕೈಸೇರಿದರೆ ನಿಮ್ಮ ಹೆಸರಿನಲ್ಲೇ ನಿಮ್ಮ ಗ್ರಾಹಕರಿಂದ ಹಣ ಕೇಳುತ್ತಾರೆ.

ಈ ವೇದಿಕೆಗಳು ನಮ್ಮ ಸ್ವಂತದ್ದಲ್ಲ ಎಂಬ ನೆನಪೂ ಇರಬೇಕು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ, ಅಲ್ಲಿ ವರ್ಷಗಟ್ಟಲೆ ಬೆಳೆಸಿದ್ದ ಅನುಯಾಯಿಗಳನ್ನು ಜನ ಒಂದೇ ಏಟಿಗೆ ಕಳೆದುಕೊಂಡರು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಮೂರೂ ಸುಮಾರು ಆರು ತಾಸು ನಿಂತುಹೋಗಿದ್ದವು. ಹಾಗಾಗಿ ಕೊಂಡವರ ಹೆಸರು, ಊರು, ಫೋನ್ ನಂಬರು, ಕೊಂಡ ಸರಕು, ದಿನಾಂಕ ಇವಿಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕೆಂದು ನಾನು ಹಟ ಹಿಡಿಯುತ್ತೇನೆ. ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ವಾಟ್ಸ್ಆ್ಯಪ್‌ನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಮಾತ್ರ ಜಾಗವಿದೆ, ಅದೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ಸಂದೇಶ ತಲುಪುತ್ತದೆ. ಅದಕ್ಕೇ ಪ್ರತಿ ಪಾರ್ಸೆಲ್‌ನಲ್ಲಿ ‘ಮುಂದಿನ ಮಿಡಿ ಹಂಗಾಮಿನ ಸುದ್ದಿ ಬೇಕಿದ್ದರೆ ಈ ನಂಬರನ್ನು ಉಳಿಸಿಕೊಳ್ಳಿ’ ಎಂಬ ಚೀಟಿ ಹಾಕುವಂತೆ ಸಿದ್ದಾಪುರದವರಿಗೆ ಹೇಳಿದ್ದೆ.

ಮುಂದಿನ ವರ್ಷ ಮಾವು ಹೂ ಬಿಟ್ಟಾಗ ಅವರು ಆ ಪಟ್ಟಿಗೆ ಮರದ ಒಂದು ಚಿತ್ರವನ್ನು ಕಳಿಸಿ, ಎಷ್ಟು ಬಾಟಲಿ ಬೇಕೆಂದು ಕೇಳಿದರು. ಆ ರೀಲ್ಸ್‌ನ ವೀಕ್ಷಣೆಗೆ ಹೋಲಿಸಿದರೆ ಉತ್ತರಿಸಿದವರು ಬಹಳ ಕಡಿಮೆ, ಆದರೆ ಉತ್ತರಿಸಿದ ಹೆಚ್ಚಿನವರು ಹಿಂದೆ ಕೊಂಡವರೇ. ಎಷ್ಟು ನೂರು ಮಿಡಿ ಕೊಳ್ಳಬೇಕು, ಎಷ್ಟು ಭರಣಿ ಉಪ್ಪಿಗೆ ಹಾಕಬೇಕು ಎಂಬುದನ್ನು ಅವರು ಆ ವರ್ಷ ಮೊದಲ ಬಾರಿಗೆ ಕೊಯ್ಲಿಗೆ ಮುಂಚೆಯೇ ಲೆಕ್ಕ ಹಾಕಿ ಬರೆದಿಟ್ಟುಕೊಂಡಿದ್ದರು.