ಹಳೆಯ ಜಾಕೆಟ್‌ಗೆ ಬೆಂಕಿ ಇಟ್ಟರೆ ಹೊಸಬರಾಗಿಬಿಡುತ್ತಾರಾ?

ಪ್ರಶ್ನೆ: ಪಾಪ್ ಗಾಯಕರು ಎರಡು ಮೂರು ವರ್ಷಕ್ಕೊಮ್ಮೆ ಒಂದು ವಿಡಿಯೊ ಬಿಟ್ಟು ಪೂರ್ತಿ ಬೇರೆಯವರೇ ಆಗಿ ಬರುತ್ತಾರೆ. ಕೂದಲು ಬೇರೆ, ಬಟ್ಟೆ ಬೇರೆ, ನೋಡುವ ನೋಟವೂ ಬೇರೆ. ಹಾಡು ಚೆನ್ನಾಗಿದ್ದರೆ ಸಾಲದೇ? ನಾಲ್ಕು ನಿಮಿಷದ ವಿಡಿಯೊ ನೋಡಿ ಜನ ನಿಜವಾಗಿಯೂ ಅಭಿಪ್ರಾಯ ಬದಲಿಸುತ್ತಾರಾ?

ಉತ್ತರ: ಬದಲಿಸುತ್ತಾರೆ. ಆದರೆ ಕೂದಲು, ಬಟ್ಟೆ ನೋಡಿ ಅಲ್ಲ.

ಮೊದಲು ಒಂದು ಹಳೆಯ ಪ್ರಸಂಗ. 1989ರಲ್ಲಿ ಮಡೋನಾ ‘ಲೈಕ್ ಎ ಪ್ರೇಯರ್’ ಹಾಡು ಬಿಡುವ ಹೊತ್ತಿಗೆ ಪೆಪ್ಸಿ ಕಂಪನಿ ಅವರ ಜೊತೆ 50 ಲಕ್ಷ ಡಾಲರ್‌ನ ಒಪ್ಪಂದ ಮಾಡಿಕೊಂಡಿತ್ತು. ಮಾರ್ಚ್ 2ರಂದು ಟೀವಿಯಲ್ಲಿ ಜಾಹೀರಾತು ಬಂತು. ಮಡೋನಾ ಬಾಲ್ಯದ ಹುಟ್ಟುಹಬ್ಬದ ಚಿತ್ರ ನೋಡುತ್ತಾರೆ, ತೆರೆಯೊಳಗಿನ ಪುಟ್ಟ ಹುಡುಗಿಯ ಜೊತೆ ಜಾಗ ಅದಲುಬದಲು ಮಾಡಿಕೊಳ್ಳುತ್ತಾರೆ. ಮನೆಮಂದಿಯೆಲ್ಲ ಕೂತು ನೋಡುವಂಥದ್ದು. ಮರುದಿನ, ಹಾಡುಗಳ ವಿಡಿಯೊ ತೋರಿಸುತ್ತಿದ್ದ ಎಂಟಿವಿ ಚಾನೆಲ್‌ನಲ್ಲಿ ಅದೇ ಹಾಡಿನ ವಿಡಿಯೊ ಬಂತು. ಮೇರಿ ಲ್ಯಾಂಬರ್ಟ್ ನಿರ್ದೇಶಿಸಿದ್ದ ಇದರಲ್ಲಿ ಮಡೋನಾ ಉರಿಯುವ ಶಿಲುಬೆಗಳ ಮುಂದೆ ಕುಣಿಯುತ್ತಾರೆ, ಅಂಗೈಯಲ್ಲಿ ಕ್ರಿಸ್ತನ ಗಾಯ ಮೂಡುತ್ತದೆ, ಕಪ್ಪುವರ್ಣದ ಸಂತನ ಮೂರ್ತಿಗೆ ಜೀವ ಬರುತ್ತದೆ. ಧಾರ್ಮಿಕ ಗುಂಪುಗಳು ಬಹಿಷ್ಕಾರಕ್ಕೆ ಕರೆ ಕೊಟ್ಟವು. ಪೆಪ್ಸಿ ಜಾಹೀರಾತನ್ನು ವಾಪಸ್ ಪಡೆಯಿತು. ದುಡ್ಡು ಮಾತ್ರ ಮಡೋನಾ ಬಳಿಯೇ ಉಳಿಯಿತು.

ದನಿ ಅದೇ, ರಾಗ ಅದೇ, ಸಾಹಿತ್ಯವೂ ಅದೇ. ಒಂದು ದಿನದ ಅಂತರದಲ್ಲಿ ಒಂದು ಚಿತ್ರ ಅವರನ್ನು ಮನೆಮಗಳಾಗಿ ತೋರಿಸಿತು, ಇನ್ನೊಂದು ಧರ್ಮದ್ರೋಹಿಯಾಗಿ. ಹಾಡು ಸಾಲದೇ ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. ಗಾಯಕರ ಬದುಕಿನಲ್ಲಿ ಎಲ್ಲ ಬದಲಾದರೂ ಕಂಠ ಬದಲಾಗುವುದಿಲ್ಲ. ಕೇಳಿದ ತಕ್ಷಣ ‘ಓ, ಇವರೇ’ ಅನ್ನಿಸುತ್ತದೆ. ಅದೇ ಅವರ ಆಸ್ತಿ, ಅದೇ ತೊಡಕೂ ಹೌದು. ಕಿವಿಗೆ ಹಳಬರಾಗಿಯೇ ಉಳಿಯುವವರು ಬದಲಾವಣೆಯನ್ನು ಕಣ್ಣಿಗೇ ತೋರಿಸಬೇಕು.

ಸಂದರ್ಶನದಲ್ಲಿ ಹೇಳಬಹುದಲ್ಲ ಎನ್ನುತ್ತೀರಿ. ಹೇಳಬಹುದು. ಆದರೆ ‘ನಾನು ಮೊದಲಿನಂತಿಲ್ಲ’ ಎಂದು ಬಾಯಿಬಿಟ್ಟು ಹೇಳಿದವರ ಮಾತು ಸಮಜಾಯಿಷಿಯಂತೆ ಕೇಳಿಸುತ್ತದೆ. ವಿಡಿಯೊದಲ್ಲಿ ಸಮಜಾಯಿಷಿ ಬೇಕಿಲ್ಲ, ತೋರಿಸಿದರಾಯಿತು. ಜನ ಒಪ್ಪದಿದ್ದರೆ ‘ಅದು ಪಾತ್ರ ಅಷ್ಟೆ’ ಎಂದು ಜಾರಿಕೊಳ್ಳಲು ಹಿಂಬಾಗಿಲೂ ಇದೆ. ವೇದಿಕೆಯಲ್ಲಿ, ಬೀದಿಯಲ್ಲಿ, ವಿಮಾನ ನಿಲ್ದಾಣದಲ್ಲಿ ಕ್ಯಾಮೆರಾ ಬೇರೆಯವರ ಕೈಯಲ್ಲಿರುತ್ತದೆ. ವಿಡಿಯೊದಲ್ಲಿ ಪ್ರತಿ ಫ್ರೇಮೂ ಆರಿಸಿ ಇಟ್ಟದ್ದು. 1981ರ ಆಗಸ್ಟ್ 1ರಂದು ಎಂಟಿವಿ ಶುರುವಾದ ಮೇಲೆ ಇದು ದಿನವಿಡೀ ಮತ್ತೆ ಮತ್ತೆ ಮನೆಯೊಳಗೇ ಬರತೊಡಗಿತು. ಮತ್ತೆ ಮತ್ತೆ ನೋಡಿದ್ದು ರೂಢಿಯಾಗುತ್ತದೆ, ರೂಢಿಯಾದದ್ದನ್ನು ನಂಬುವುದು ಕಷ್ಟವಲ್ಲ.

ಇಷ್ಟು ಅನುಕೂಲವಿದ್ದೂ ಎಷ್ಟೋ ವಿಡಿಯೊಗಳು ಬರೀ ಹೊಸ ಬಟ್ಟೆಯ ಪ್ರದರ್ಶನವಾಗಿ ಮುಗಿಯುತ್ತವೆ. ಯಾಕೆ? ಹೊಸ ವೇಷ ತೊಡುವುದಕ್ಕಿಂತ ಹಳೆಯದನ್ನು ಎಲ್ಲರೆದುರು ಕಳಚುವುದು ಮುಖ್ಯ, ಅದು ಅಲ್ಲಿ ಇರುವುದಿಲ್ಲ ಎಂಬುದು ನನ್ನ ಲೆಕ್ಕ. ನೋಡುಗರಿಗೆ ಹಳೆಯ ಮುಖದ ಜೊತೆ ಒಂದು ಸಂಬಂಧವಿರುತ್ತದೆ. ಗೋಡೆಗೆ ಅಂಟಿಸಿಕೊಂಡಿರುತ್ತಾರೆ, ಅದರ ಹಾಗೆ ಕೂದಲು ಕತ್ತರಿಸಿಕೊಂಡಿರುತ್ತಾರೆ. ಅದು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಕೊಡದೆ ಹೊಸ ಮುಖ ತಂದಿಟ್ಟರೆ ಜನ ಒಪ್ಪುವುದಿಲ್ಲ.

ಈ ಲೆಕ್ಕ ಚುಕ್ತಾ ಮಾಡುವುದನ್ನು ಬ್ರಿಟನ್ನಿನ ಪಾಪ್ ಗಾಯಕ ಜಾರ್ಜ್ ಮೈಕಲ್‌ ಅವರಷ್ಟು ಚೊಕ್ಕವಾಗಿ ಮಾಡಿದವರು ಕಡಿಮೆ. 1987ರ ‘ಫೇತ್’ ವಿಡಿಯೊ ನೆನಪಿಸಿಕೊಳ್ಳಿ: ಚರ್ಮದ ಜಾಕೆಟ್, ಹರಿದ ಜೀನ್ಸ್, ಕೈಯಲ್ಲಿ ಗಿಟಾರ್, ಪಕ್ಕದಲ್ಲಿ ನಾಣ್ಯ ಹಾಕಿದರೆ ಹಾಡು ನುಡಿಸುವ ಜೂಕ್‌ಬಾಕ್ಸ್ ಪೆಟ್ಟಿಗೆ. ಆ ರೂಪ ಎಷ್ಟು ಹಬ್ಬಿತೆಂದರೆ ಹಾಡುಗಾರ ಹಿಂದೆ ಸರಿದು ಜಾಕೆಟ್ಟೇ ಮುಂದೆ ಬಂತು. ಮೂರು ವರ್ಷದ ನಂತರ ಹೊಸ ಆಲ್ಬಮ್ ತಂದಾಗ ತನ್ನನ್ನು ಗಂಭೀರವಾಗಿ ಹಾಡು ಕಟ್ಟುವವನೆಂದು ಜನ ಕಾಣಬೇಕೆಂಬ ಆಸೆ ಅವರಿಗಿತ್ತು. ವಿಡಿಯೊದಲ್ಲಿ ಮುಖ ತೋರಿಸುವುದಿಲ್ಲ ಎಂದುಬಿಟ್ಟರು. ಕೋಟ್ಯಂತರ ಜನ ಕೊಂಡದ್ದು ಆ ಮುಖವನ್ನೇ ಎಂದು ನಂಬಿದ ಉದ್ಯಮಕ್ಕೆ ಇದು ತಲೆನೋವಾಗಿರಬೇಕು.

ಮುಂದೆ ಬಂದದ್ದು ‘ಫ್ರೀಡಮ್! 90’. ನಿರ್ದೇಶಕ ಡೇವಿಡ್ ಫಿಂಚರ್. ಗಾಯಕನ ಬದಲು ಹಾಡಿಗೆ ತುಟಿ ಆಡಿಸಿದ್ದು ಆ ಕಾಲದ ಐವರು ಅತಿ ಪ್ರಸಿದ್ಧ ರೂಪದರ್ಶಿಗಳು: ನವೋಮಿ ಕ್ಯಾಂಪ್‌ಬೆಲ್, ಲಿಂಡಾ ಇವಾಂಜೆಲಿಸ್ಟಾ, ಕ್ರಿಸ್ಟಿ ಟರ್ಲಿಂಗ್‌ಟನ್, ಟಟ್ಯಾನಾ ಪಾಟಿಟ್ಸ್, ಸಿಂಡಿ ಕ್ರಾಫರ್ಡ್. ಆ ವರ್ಷದ ಜನವರಿಯಲ್ಲಿ ಬ್ರಿಟಿಷ್ ವೋಗ್ ಪತ್ರಿಕೆಯ ಮುಖಪುಟದಲ್ಲಿ ಒಟ್ಟಿಗೆ ನಿಂತಿದ್ದವರೂ ಇವರೇ. ಹಾಡು ನಡೆಯುತ್ತಿರುವಾಗ ನೇತುಹಾಕಿದ್ದ ಚರ್ಮದ ಜಾಕೆಟ್‌ಗೆ ಬೆಂಕಿ ಹತ್ತುತ್ತದೆ. ಜೂಕ್‌ಬಾಕ್ಸ್ ಸಿಡಿಯುತ್ತದೆ. ಗಿಟಾರ್ ಸಿಡಿಯುತ್ತದೆ. ಮೂರೂ ‘ಫೇತ್’ನಿಂದ ಬಂದ ಸಾಮಾನು.

ಇದರಲ್ಲಿನ ತಮಾಷೆ ಗಮನಿಸಿ. ಇಮೇಜ್ ಬೇಡ ಎಂದ ಮನುಷ್ಯ ಅದನ್ನು ಹೇಳಲು ಆರಿಸಿಕೊಂಡದ್ದು ಜಗತ್ತಿನ ಅತಿ ಸುಂದರ ಮುಖಗಳನ್ನು. ನಾನು ಕಾಣಿಸಿಕೊಳ್ಳುವುದಿಲ್ಲ ಎನ್ನುವುದೇ ಒಂದು ಇಮೇಜ್ ಆಯಿತು. ಇದನ್ನು ಆಷಾಢಭೂತಿತನ ಎಂದು ಕರೆಯುವವರಿದ್ದಾರೆ, ನಾನು ಕರೆಯುವುದಿಲ್ಲ. ಜಾಕೆಟ್ ಹೇಗೆ ಸತ್ತಿತು ಎಂಬುದನ್ನು ಆ ವಿಡಿಯೊ ತೋರಿಸಿತು, ಆಮೇಲೆ ಆ ಜಾಕೆಟ್ ಎಲ್ಲಿ ಎಂದು ಕೇಳುವ ಹಾಗೇ ಇರಲಿಲ್ಲ. 1998ರಲ್ಲಿ ಬೆವರ್ಲಿ ಹಿಲ್ಸ್‌ನ ಸಾರ್ವಜನಿಕ ಶೌಚಾಲಯದಲ್ಲಿ ಪೊಲೀಸರು ಅವರನ್ನು ಬಂಧಿಸಿ, ಅವರು ಸಲಿಂಗಿ ಎಂಬುದು ಬಯಲಾದಾಗಲೂ ಇದೇ ಬುದ್ಧಿ ನೆರವಿಗೆ ಬಂತು. ಅದೇ ವರ್ಷದ ‘ಔಟ್‌ಸೈಡ್’ ವಿಡಿಯೊದಲ್ಲಿ ಶೌಚಾಲಯ ಥಳಥಳಿಸುವ ಡಿಸ್ಕೊ ಆಗಿ ಬದಲಾಗುತ್ತದೆ, ಗಾಯಕ ಪೊಲೀಸ್ ಸಮವಸ್ತ್ರದಲ್ಲೇ ಕುಣಿಯುತ್ತಾರೆ. ಆಡಿಕೊಳ್ಳಲು ಕಾದಿದ್ದವರಿಗೆ ಹೊಸದಾಗಿ ಹೇಳಲು ಏನೂ ಉಳಿಯಲಿಲ್ಲ.

ಟೇಲರ್ ಸ್ವಿಫ್ಟ್ 2017ರಲ್ಲಿ ಮಾಡಿದ್ದೂ ಇದನ್ನೇ, ಇನ್ನೂ ಅಬ್ಬರದಿಂದ. ಹಿಂದಿನ ವರ್ಷ ಒಂದು ಜಗಳದ ನಂತರ ಸಾಮಾಜಿಕ ಜಾಲತಾಣದಲ್ಲಿ ಜನ ಅವರ ಪುಟಕ್ಕೆ, ವಂಚಕಿ ಎಂಬರ್ಥದಲ್ಲಿ, ಹಾವಿನ ಚಿತ್ರಗಳ ಮಳೆ ಸುರಿಸಿದ್ದರು. ಆಗಸ್ಟ್‌ನಲ್ಲಿ ಅವರು ತಮ್ಮ ಖಾತೆಗಳನ್ನೆಲ್ಲ ಖಾಲಿ ಮಾಡಿದರು, ಆಮೇಲೆ ಹಾಕಿದ್ದು ಹಾವಿನದೇ ತುಣುಕುಗಳು. ‘ಲುಕ್ ವಾಟ್ ಯು ಮೇಡ್ ಮಿ ಡು’ ವಿಡಿಯೊ ಶುರುವಾಗುವುದು ಸ್ಮಶಾನದಲ್ಲಿ. ಗೋರಿಯಿಂದ ಎದ್ದು ಬರುವ ಟೇಲರ್‌ನ ಮೈಮೇಲೆ ಇರುವುದು ಅವರದೇ ಹಳೆಯ ವಿಡಿಯೊದ ಉಡುಪು. ಮುಂದೆ ಸಿಂಹಾಸನದ ಸುತ್ತ ಹಾವುಗಳು. ಕೊನೆಯಲ್ಲಿ ಬೇರೆ ಬೇರೆ ವರ್ಷಗಳ ಟೇಲರ್‌ಗಳೆಲ್ಲ ಸಾಲಾಗಿ ನಿಂತು ಒಬ್ಬರಿಗೊಬ್ಬರು ಕೊಂಕು ಮಾತಾಡುತ್ತಾರೆ. ಹೊರಗಿನವರು ಹತ್ತು ವರ್ಷ ಹೇಳಿದ ಟೀಕೆಗಳನ್ನೇ ಅವರ ಬಾಯಲ್ಲಿ ಇಡಲಾಗಿತ್ತು. ಯೂಟ್ಯೂಬ್‌ನಲ್ಲಿ ಮೊದಲ 24 ಗಂಟೆಗಳಲ್ಲಿ 4 ಕೋಟಿ 32 ಲಕ್ಷ ವೀಕ್ಷಣೆ ಕಂಡು ಅದು ಆಗ ದಾಖಲೆಯಾಯಿತು. ಹಾಡು ಅವರ ಒಳ್ಳೆಯ ಹಾಡುಗಳ ಸಾಲಿಗೆ ಸೇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ವಿಡಿಯೊ ಸೇರುತ್ತದೆ.

ಬಾಲನಟರಾಗಿ ಬಂದವರ ಪಾಡು ಇನ್ನೂ ಕಠಿಣ. ಜನರ ಕಣ್ಣಿನಲ್ಲಿ ಅವರ ವಯಸ್ಸು ಅಲ್ಲೇ ನಿಂತುಬಿಟ್ಟಿರುತ್ತದೆ. ಮೈಲಿ ಸೈರಸ್ 2006ರಿಂದ 2011ರವರೆಗೆ ಡಿಸ್ನಿ ಚಾನೆಲ್‌ನ ಮಕ್ಕಳ ಧಾರಾವಾಹಿಯಲ್ಲಿ ಹ್ಯಾನಾ ಮೊಂಟಾನಾ ಎಂಬ ಪಾತ್ರವಾಗಿದ್ದವರು. 2010ರಲ್ಲೇ ಒಂದು ವಿಡಿಯೊದಲ್ಲಿ ರೆಕ್ಕೆ ಕಟ್ಟಿಕೊಂಡು ಪಂಜರದಿಂದ ಹೊರಬಂದು ನೋಡಿದರು, ಸಾಲಲಿಲ್ಲ. 2013ರ ‘ರೆಕಿಂಗ್ ಬಾಲ್’ನಲ್ಲಿ ಕಟ್ಟಡ ಒಡೆಯುವ ಕಬ್ಬಿಣದ ಗುಂಡಿನ ಮೇಲೆ ಬೆತ್ತಲಾಗಿ ತೂಗಿದಾಗ ಹ್ಯಾನಾ ಕಥೆ ಅಲ್ಲಿಗೆ ಮುಗಿಯಿತು. ಆದರೆ ಆ ಅವಧಿಯ ಅವರ ವಿಡಿಯೊ, ಪ್ರದರ್ಶನಗಳಲ್ಲಿ ಕಪ್ಪುವರ್ಣೀಯರ ಸಂಸ್ಕೃತಿಯಿಂದ ಎತ್ತಿಕೊಂಡ ಕುಣಿತ, ಠೀವಿ ಧಾರಾಳವಾಗಿತ್ತು. 2017ರಲ್ಲಿ ‘ಮಾಲಿಬು’ ವಿಡಿಯೊದಲ್ಲಿ ಬಿಳಿ ಬಟ್ಟೆ ತೊಟ್ಟು ಸಮುದ್ರತೀರದಲ್ಲಿ ಓಡಾಡುತ್ತ ಬಂದಾಗ, ಬೇಕಾದಾಗ ತೊಟ್ಟು ಬೇಡವಾದಾಗ ಬಿಚ್ಚಿಟ್ಟರು ಎಂಬ ಟೀಕೆ ಬಂತು. ಟೀಕೆಯಲ್ಲಿ ಹುರುಳಿತ್ತು. ವೇಷ ಬದಲಿಸುವ ಸ್ವಾತಂತ್ರ್ಯ ಎಲ್ಲರಿಗೂ ಸಮವಾಗಿ ಸಿಗುವುದಿಲ್ಲ.

ಕೈಕೊಟ್ಟ ಉದಾಹರಣೆಯೂ ಬೇಕಲ್ಲ. ಅಮೆರಿಕದ ಬಿಲ್ಲಿ ಸ್ಕ್ವೈರ್ ಗಿಟಾರ್ ಹಿಡಿದು ಅಬ್ಬರಿಸುವ ರಾಕ್ ಗಾಯಕ. 1984ರ ‘ರಾಕ್ ಮಿ ಟುನೈಟ್’ ವಿಡಿಯೊದಲ್ಲಿ ಸ್ಯಾಟಿನ್ ಹೊದಿಕೆಗಳ ಮಲಗುವ ಕೋಣೆಯೊಳಗೆ, ತಿಳಿ ಬಣ್ಣದ ಬೆಳಕಿನಲ್ಲಿ ಒಬ್ಬರೇ ಕುಣಿಯುತ್ತಾರೆ, ಅಂಗಿ ಹರಿದುಕೊಳ್ಳುತ್ತಾರೆ. ಹಾಡು ಸೋತಿರಲಿಲ್ಲ, ಬಿಲ್‌ಬೋರ್ಡ್ ಪಟ್ಟಿಯಲ್ಲಿ 15ನೇ ಸ್ಥಾನಕ್ಕೇರಿತ್ತು. ಆದರೂ ಆ ವಿಡಿಯೊ ತನ್ನ ವೃತ್ತಿಯನ್ನೇ ಮುಗಿಸಿತು ಎಂದು ಸ್ಕ್ವೈರ್ ಅವರೇ ಹೇಳಿಕೊಂಡಿದ್ದಾರೆ. ಕುಣಿತ ಚೆನ್ನಾಗಿರಲಿಲ್ಲ ಎಂಬ ಒಂದೇ ಕಾರಣ ನನಗೆ ಸಾಕೆನಿಸುವುದಿಲ್ಲ. ಆ ಗಡಸು ಗಿಟಾರಿಗ ಎಲ್ಲಿ ಹೋದ, ಈ ಹೊಸಬ ಯಾಕೆ ಬಂದ ಎಂದು ಹೇಳುವ ಒಂದು ದೃಶ್ಯವೂ ಅದರಲ್ಲಿ ಇರಲಿಲ್ಲ. ಅಭಿಮಾನಿಗಳಿಗೆ ಉಳಿದದ್ದು ನಗು ಮಾತ್ರ.

ಇದಕ್ಕೆ ತದ್ವಿರುದ್ಧ ತುದಿಯಲ್ಲಿ ಅಮೆರಿಕದ ಕಂಟ್ರಿ ಗಾಯಕ ಜಾನಿ ಕ್ಯಾಶ್ ಇದ್ದಾರೆ. ಅವರು ಪಾಪ್ ಗಾಯಕರಲ್ಲ, ಆದರೂ ಬಿಡಲು ಮನಸ್ಸಿಲ್ಲ. ಟ್ರೆಂಟ್ ರೆಜ್ನರ್ 1994ರಲ್ಲಿ ಹೊರತಂದಿದ್ದ ‘ಹರ್ಟ್’ ಹಾಡನ್ನು ಅವರು ಮತ್ತೆ ಹಾಡಿದರು. ವಿಡಿಯೊ ಮಾಡಿದ ಮಾರ್ಕ್ ರೊಮಾನೆಕ್ ಮುಪ್ಪನ್ನು ಮುಚ್ಚಲಿಲ್ಲ. ನಡುಗುವ ಕೈ, ಮುಚ್ಚಿ ಪಾಳುಬಿದ್ದ ಅವರದೇ ಹೆಸರಿನ ಮ್ಯೂಸಿಯಂ, ಮೆಟ್ಟಿಲ ಮೇಲೆ ನಿಂತು ನೋಡುವ ಹೆಂಡತಿ ಜೂನ್ ಕಾರ್ಟರ್, ನಡುನಡುವೆ ಗಟ್ಟಿಮುಟ್ಟಾದ ಯುವಕ ಕ್ಯಾಶ್‌ನ ಹಳೆಯ ತುಣುಕುಗಳು. ಹಳೆಯ ಮುಖವನ್ನು ಇಲ್ಲಿ ಸುಡಲಿಲ್ಲ, ಹೊಸದರ ಪಕ್ಕ ಕೂರಿಸಿದರು. 2003ರ ಮೇ ತಿಂಗಳಲ್ಲಿ ಜೂನ್ ಕಾರ್ಟರ್ ತೀರಿಕೊಂಡರು, ಸೆಪ್ಟೆಂಬರ್‌ನಲ್ಲಿ ಕ್ಯಾಶ್. ವಿಡಿಯೊ ನೋಡಿದ ಮೇಲೆ ಆ ಹಾಡು ತನ್ನದಾಗಿ ಉಳಿದಿಲ್ಲ ಎಂದರು ರೆಜ್ನರ್.

ದುಡ್ಡಿನ ಮಾತೂ ಇದೆ. ವಿಡಿಯೊದ ಖರ್ಚನ್ನು ಮೊದಲು ಹಾಕುವುದು ಸಾಮಾನ್ಯವಾಗಿ ರೆಕಾರ್ಡ್ ಕಂಪನಿ, ಆದರೆ ಅದರ ಒಂದು ಪಾಲನ್ನೋ ಪೂರ್ತಿಯನ್ನೋ ಕಲಾವಿದರ ಮುಂದಿನ ಗಳಿಕೆಯಿಂದ ಮುರಿದುಕೊಳ್ಳುವುದು ರೂಢಿ. ಅಂದರೆ ಹೊಸ ಮುಖ ಸಾಲದ ಮೇಲೆ ಬರುತ್ತದೆ. ಈ ಬದಲಾವಣೆಯ ಒತ್ತಡ ಗಂಡಸರಿಗಿಂತ ಹೆಂಗಸರ ಮೇಲೆ ಎಷ್ಟೋ ಪಟ್ಟು ಹೆಚ್ಚು ಎಂದು ಟೇಲರ್ ಸ್ವಿಫ್ಟ್ 2020ರ ಸಾಕ್ಷ್ಯಚಿತ್ರವೊಂದರಲ್ಲಿ ಹೇಳಿದ್ದರು. ಅದೇ ಜೀನ್ಸ್, ಅದೇ ಅಂಗಿಯಲ್ಲಿ ಮೂವತ್ತು ವರ್ಷ ದಾಟಿದ ಗಾಯಕರನ್ನು ಎಣಿಸುತ್ತ ಹೋದರೆ ಅವರಲ್ಲಿ ಗಾಯಕಿಯರು ಎಷ್ಟು ಸಿಗುತ್ತಾರೆ, ನೀವೇ ನೋಡಿ.

ಇನ್ನು ಜನ ನಂಬುತ್ತಾರಾ ಎಂಬುದು. ಪ್ರತಿ ಸಲವೂ ಇದು ನಟನೆ ಎಂದು ಅವರಿಗೆ ಗೊತ್ತು. ಒಂದೇ ಮನುಷ್ಯ ಹೀಗೆ ಎಷ್ಟು ಸಲ ಬದಲಾಗಬಲ್ಲ ಎಂದು ನೋಡುವುದೇ ಒಂದು ಖುಷಿ. ಬ್ರಿಟನ್ನಿನ ಗಾಯಕ ಡೇವಿಡ್ ಬೋವಿಗೆ ಇದು ಎಂಟಿವಿ ಹುಟ್ಟುವ ಮೊದಲೇ ತಿಳಿದಿತ್ತು. 1969ರ ಹಾಡೊಂದರಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದ್ದ ಮೇಜರ್ ಟಾಮ್ ಎಂಬ ಪಾತ್ರವನ್ನು 1980ರ ‘ಆ್ಯಶಸ್ ಟು ಆ್ಯಶಸ್’ನಲ್ಲಿ ವಾಪಸ್ ಕರೆಸಿ, ಅವನು ಮಾದಕವ್ಯಸನಿ ಎಂದು ಹಾಡಿದರು. ವಿಡಿಯೊದಲ್ಲಿ ತಾವು ಬಿಳಿ ಮುಖದ ವಿದೂಷಕನಾಗಿ ಬುಲ್ಡೋಜರಿನ ಮುಂದೆ ನಡೆದರು. ಹತ್ತು ವರ್ಷ ಕಟ್ಟಿದ್ದ ವೇಷಗಳಿಗೆಲ್ಲ ಅದು ಬೀಳ್ಕೊಡುಗೆಯಂತಿತ್ತು.

ಅವರ ‘ಲಾಜರಸ್’ ವಿಡಿಯೊ 2016ರ ಜನವರಿ 7ರಂದು ಬಂತು. ಆಸ್ಪತ್ರೆಯ ಮಂಚದಂಥ ಮಂಚ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಬೋವಿ. ಅದರ ಜೊತೆಗೇ ಇನ್ನೊಬ್ಬ ಬೋವಿ, 1970ರ ದಶಕದ ಫೋಟೊಗಳಲ್ಲಿ ಕಂಡಿದ್ದ ಓರೆಪಟ್ಟೆಯ ಉಡುಪನ್ನೇ ಹೋಲುವ ಉಡುಪಿನಲ್ಲಿ. ನೋಡಿದವರು ಎಂದಿನಂತೆ ಇದೂ ಒಂದು ಹೊಸ ವೇಷ ಎಂದುಕೊಂಡರು. ಜನವರಿ 10ರಂದು ಅವರು ತೀರಿಕೊಂಡರು. ಅವರಿಗೆ ಕ್ಯಾನ್ಸರ್ ಇದ್ದದ್ದು ಜನರಿಗೆ ತಿಳಿದದ್ದೇ ಆಮೇಲೆ. ವಿಡಿಯೊದ ಕೊನೆಯಲ್ಲಿ ಪಟ್ಟೆ ಉಡುಪಿನ ಬೋವಿ ಹಿಂದೆ ಹಿಂದೆ ಸರಿಯುತ್ತ ಬಟ್ಟೆಯ ಬೀರುವಿನೊಳಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾರೆ.